ಸೋಬತಿಗೆ ದನಿ ಕೊಟ್ಟ ಮಂಗಲಾ

ಮಂಗಲಾ ಹುಟ್ಟಿದ್ದು ನಾಸಿಕದ ಹೊರವಲಯದಲ್ಲಿ, ಆಗಿನ್ನೂ ಎರಡನೇ ಅಂತಸ್ತಿಗೆ ಬಂದಿದ್ದ ಒಂದು ಅಪಾರ್ಟ್‌ಮೆಂಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ. ಅಪ್ಪ ರಾಚಪ್ಪ ಸೆಂಟ್ರಿಂಗ್ ಕೆಲಸದವನು, ಅವ್ವ ಸಕ್ರವ್ವ ಗಾರೆ ಹೊರುವವಳು. ಇಬ್ಬರೂ ಸಿಂದಗಿ ಕಡೆಯವರು. ಕಟ್ಟಡ ಮುಗಿದರೆ ಶೆಡ್ಡು ಬಿಚ್ಚುವುದು, ಇನ್ನೊಂದು ಕಡೆ ಕಟ್ಟುವುದು. ಹೀಗೆ ಸುತ್ತುತ್ತ ಹುಡುಗಿ ಬೆಳೆದಳು. ಪಂಚವಟಿಯ ಮರಾಠಿ ಶಾಲೆಗೆ ಸೇರಿಸಿದ್ದರು. ಗೆಳತಿಯರ ಜೊತೆ ಮರಾಠಿ, ಕಿರಾಣಿ ಅಂಗಡಿಯಲ್ಲಿ ಹಿಂದಿ, ಅವ್ವನ ಜೊತೆ ಮಾತ್ರ ಕನ್ನಡ. ಆ ಕನ್ನಡ ಸಿಂದಗಿಯದೇ. ಊರು ನೋಡದೆ ಅವಳು ಅದನ್ನು ಕಲಿತಿದ್ದಳು. ಅಕ್ಷರ ಮಾತ್ರ ಒಂದೂ ಬರುತ್ತಿರಲಿಲ್ಲ.

ಅವಳಿಗೆ ದನಿ ಇತ್ತು. ಕಾಂಕ್ರೀಟ್ ಮಿಕ್ಸರ್ ಗುಡುಗುಡು ತಿರುಗುವಾಗ ಕೆಳಗೆ ನಿಂತು ಮೂರನೇ ಅಂತಸ್ತಿನ ಅವ್ವನನ್ನು ಕರೆದರೆ, ಆ ಗದ್ದಲದಲ್ಲೂ ಸಕ್ರವ್ವನಿಗೆ ಕೇಳಿಸುತ್ತಿತ್ತು. ಕಿರುಚು ದನಿಯಲ್ಲ. ದುಂಡಗೆ, ಸ್ವಲ್ಪ ನಗು ಬೆರೆತಂತೆ ಇತ್ತು.

ಕುಂಭಮೇಳಕ್ಕೆಂದು ಗೋದಾವರಿಯ ಘಾಟುಗಳ ಕೆಲಸ ಹತ್ತಿತ್ತು. ಅದು ಮುಗಿದ ಮೇಲೆ ನಾಸಿಕದಲ್ಲಿ ಕೆಲಸ ತೆಳುವಾಯಿತು. ಮಂಗಲಾ ಆಗ ಹತ್ತನೇ ಇಯತ್ತೆ ಮುಗಿಸಿದ್ದಳು. ಇವರ ಗುಂಪಿಗೆ ಕೆಲಸ ಹಿಡಿದುಕೊಡುವ ಮುಕಾದಮ ಭುಜಂಗ ಎಲ್ಲರನ್ನೂ ಔರಂಗಾಬಾದಿಗೆ, ಅಂದರೆ ಈಗಿನ ಸಂಭಾಜಿನಗರಕ್ಕೆ ಕರೆದುಕೊಂಡು ಹೋದ. ಊರಾಚೆ ವಾಳೂಜಿನ ಕೈಗಾರಿಕಾ ಪ್ರದೇಶದಲ್ಲಿ ಹೊಸ ಕಾರ್ಖಾನೆಗಳು ಏಳುತ್ತಿದ್ದವು. ಕೂಲಿಯವರಿಗೆ ಅಲ್ಲಿ ಸಾಲು ಸಾಲು ಶೆಡ್ಡುಗಳಿದ್ದವು. ಒಂದು ಸಾಲು ಬಿಹಾರದವರದು, ಒಂದು ಬೀಡ ಜಿಲ್ಲೆಯ ಕಡೆಯವರದು, ಒಂದು ಕನ್ನಡದವರದು.

ಸೋಬತಿ ಕೊರಳಿಗೆ ಬಿದ್ದದ್ದು ಅಲ್ಲಿ. ಸೋಬತಿ ಅಂದರೆ ಮರಾಠಿಯಲ್ಲಿ ಜೊತೆಗಾರ. ಅಂಗೈಯಗಲದ ಹಳದಿ ಫೋನು, ಮೇಲೆ ಒಂದು ಸಣ್ಣ ಹಸಿರು ದೀಪ, ಕೊರಳಿಗೆ ಹಾಕಿಕೊಳ್ಳಲು ಪಟ್ಟಿ. ಒಂದು ಕಂಪನಿಯವರು ಪುಕ್ಕಟೆ ಕೊಟ್ಟರು. ಗೇಟಿನಲ್ಲಿ ಅದನ್ನು ತೋರಿಸಿದರೆ ಒಳಗೆ ಬಿಡುತ್ತಿದ್ದರು, ಹಾಜರಿ ಅದರಲ್ಲೇ ಬೀಳುತ್ತಿತ್ತು, ನೀರಿನ ಟ್ಯಾಂಕರಿನ ಪಾಳಿಯನ್ನೂ ಅದೇ ಹೇಳುತ್ತಿತ್ತು. ಒಂದೇ ಕಟ್ಟಳೆ: ಯಾವಾಗಲೂ ಚಾಲೂ ಇರಬೇಕು, ಮೈಮೇಲೆ ಇರಬೇಕು. ಬಂದ್ ಮಾಡಿದವರ ಅವತ್ತಿನ ಹಾಜರಿ ಹೋಯಿತು.

ಹಸಿರು ದೀಪ ಹತ್ತಿದ್ದರೆ ಅದು ಕೇಳುತ್ತಿದೆ ಅಂತ ಅರ್ಥ. ಯಾರಾದರೂ ಸಾಬೂನು ಮುಗಿಯಿತು ಅಂದರೆ, ತರಿಸಲಾ ಅಂತ ಕೇಳುತ್ತಿತ್ತು. ಹೂಂ ಅಂದರೆ ಸಾಕು, ಸಂಜೆ ಗಾಡಿಯಲ್ಲಿ ಪಾರ್ಸೆಲ್ಲು ಬರುತ್ತಿತ್ತು. ಪಗಾರಿನಲ್ಲಿ ಹಿಡಿದುಕೊಳ್ಳುತ್ತಿದ್ದರು. ಸಾಬೂನು ತಂದವರಿಗೆ ಟವೆಲು ಬೇಡವೇ ಅಂತ ಕೇಳುತ್ತಿತ್ತು, ಟವೆಲು ತಂದವರಿಗೆ ಅದನ್ನಿಡುವ ಕಪಾಟು. ಆದರೆ ಅದರ ಮಾತು ಹಿಂದಿ ಮತ್ತು ಮರಾಠಿಯಲ್ಲಿ ಮಾತ್ರ ಇತ್ತು. ಕನ್ನಡ ಸಾಲಿನ ಹೆಂಗಸರು ಅದು ಮಾತಾಡಿದರೆ ಸುಮ್ಮನೆ ಮುಖ ನೋಡಿಕೊಳ್ಳುತ್ತಿದ್ದರು. ಉಳಿದ ಸಾಲುಗಳ ಮುಂದೆ ಖಾಲಿ ರಟ್ಟಿನ ಡಬ್ಬಿಗಳು ಗುಡ್ಡೆ ಬಿದ್ದಾಗ ಕನ್ನಡ ಸಾಲಿನ ಮುಂದೆ ಕೋಳಿಗಳು ಓಡಾಡುತ್ತಿದ್ದವು.

ಕಂಪನಿಗೆ ಇದು ಸರಿಬರಲಿಲ್ಲ. ಊರೊಳಗಿನ ಸಿಡ್ಕೋ ಬಡಾವಣೆಯಲ್ಲಿದ್ದ ಅವರ ಆಫೀಸಿನಲ್ಲಿ ಮೃದುಲಾ ಅಂತ ಒಬ್ಬಳು ಹೊಸದಾಗಿ ಸೇರಿದ್ದಳು. ಧಾರವಾಡದ ಹುಡುಗಿ. ಅಪ್ಪ ಬ್ಯಾಂಕಿನವರು, ವರ್ಗವಾಗಿ ಔರಂಗಾಬಾದಿಗೆ ಬಂದಿದ್ದರು. ಮೊದಲು ಆಕೆಯೇ ತನ್ನ ದನಿಯಲ್ಲಿ ಕನ್ನಡ ಮಾತಾಡಿ ಫೋನಿಗೆ ತುಂಬಿದಳು. ಅದನ್ನು ಕೇಳಿದೊಡನೆ ಹೆಂಗಸರು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತು, ಹಾಂರಿ, ಇಲ್ಲರಿ, ಏನೂ ಬ್ಯಾಡ್ರಿ ಬಾಯಾರ ಅಂದರು. ಬ್ಯಾಂಕಿನಲ್ಲಿ ಕೌಂಟರಿನ ಮುಂದೆ ನಿಂತ ಹಾಗಾಗುತ್ತದೆ ಅಂತ ಪಕ್ಕದ ಶೆಡ್ಡಿನ ಭಾಗವ್ವ ಹೇಳಿದಳಂತೆ. ಇವರದೇ ಮಾತು ಬೇಕು ಅಂತ ಮೃದುಲಾ ಶೆಡ್ಡುಗಳ ಕಡೆ ಓಡಾಡತೊಡಗಿದಳು. ಒಂದು ಬೆಳಿಗ್ಗೆ ಟ್ಯಾಂಕರು ಬಂದಾಗ ಮಂಗಲಾ ಸಾಲಿನ ಈ ತುದಿಯಿಂದ ಆ ತುದಿಗೆ ಅವ್ವನನ್ನು ಕೂಗಿದ್ದು ಅವಳ ಕಿವಿಗೆ ಬಿತ್ತು.

ಚಳಿಗಾಲವೆಲ್ಲ ಮಂಗಲಾ ಸಿಡ್ಕೋದಲ್ಲಿ ದನಿ ತುಂಬಿದಳು. ಗೋಡೆಗೆಲ್ಲ ಸ್ಪಂಜು ಹಚ್ಚಿದ ಕೋಣೆ, ಮುಂದೆ ಮೈಕು. ಅವಳಿಗೆ ಕನ್ನಡ ಓದಲು ಬಾರದು ಅಂತ ಮರಾಠಿ ಅಕ್ಷರದಲ್ಲಿ ಕನ್ನಡ ಬರೆದುಕೊಟ್ಟಿದ್ದರು. ಅವಳು ಅದನ್ನು ಪಾಠದಂತೆ ಒಪ್ಪಿಸಲು ಹೊರಟರೆ ಮೃದುಲಾ ಗಾಜಿನಾಚೆಯಿಂದ ತಡೆಯುತ್ತಿದ್ದಳು.

“ಓದಬ್ಯಾಡ ಮಂಗಲಾ. ನಿಮ್ಮವ್ವ ಎದುರಿಗೆ ಕೂತಾಳ ಅಂತ ತಿಳಕೊ. ಆಕಿಗೆ ಹೇಳೋ ಹಂಗ ಹೇಳು.”

ಮಂಗಲಾ ಹಾಗೇ ಹೇಳಿದಳು. ಯವ್ವಾ, ದಣದೀ ಏನ. ಯವ್ವಾ, ಉಂಡೀ ಏನ. ಕಾಕಾ, ಅತ್ತಿ, ಅಣ್ಣಾ, ತಂಗಿ, ಎಲ್ಲ ನೆಂಟಸ್ತಿಕೆಗಳನ್ನೂ ಹೇಳಿಸಿದರು. ಬೇಕು, ಬ್ಯಾಡ, ತರಸಲೇನ, ಚಲೋ ಐತಿ. ಕೆಲವು ದಿನ ಮಾತೇ ಅಲ್ಲದ ಬರೀ ಸದ್ದುಗಳನ್ನೂ ಹೇಳಿಸಿದರು. ಅವನ್ನು ಕೂಡಿಸಿ ಯಂತ್ರ ಬೇಕಾದ ಮಾತು ಮಾಡಿಕೊಳ್ಳುತ್ತದೆ ಅಂತ ಮೃದುಲಾ ವಿವರಿಸಿದ್ದಳು. ಮಂಗಲಾ ಅದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ. ಕೆಲಸ ಅವಳಿಗೆ ಹಿಡಿಸಿತ್ತು. ಕೂರಲು ಕುರ್ಚಿ ಇತ್ತು, ತಲೆಯ ಮೇಲೆ ಫ್ಯಾನು ಇತ್ತು, ಮಾತಾಡು ಅನ್ನುವವರಿದ್ದರು.

ವಾಳೂಜಿನಿಂದ ದಿನಾ ಓಡಾಡುವುದು ಬೇಡವೆಂದು ಕಂಪನಿ ಅವಳಿಗೆ ಸಿಡ್ಕೋದಲ್ಲೇ ಇನ್ನಿಬ್ಬರು ಹುಡುಗಿಯರ ಜೊತೆ ಖೋಲಿ ಕೊಟ್ಟಿತ್ತು. ಅವಳ ಕೊರಳಲ್ಲೂ ಸೋಬತಿ ಇತ್ತು, ಮರಾಠಿಯದು. ಅದಕ್ಕೂ ಅವಳು ಹೂಂ ಅಂದಳು. ಬಿಳಿ ಬೂಟು ಬಂತು. ಪುಡಿಕೆಯ ಬದಲು ಬಾಟಲಿ ಶಾಂಪೂ ಬಂತು. ಕೂದಲು ನೆಟ್ಟಗೆ ಮಾಡುವ ಇಕ್ಕಳ ಬಂತು. ಪಾರ್ಸೆಲ್ಲಿನ ಟೇಪು ಹರಿಯುವಾಗಿನ ಸದ್ದು ಅವಳಿಗೆ ಬಲು ಇಷ್ಟವಾಗಿತ್ತು. ಒಳಗಿನದಕ್ಕಿಂತ ಆ ಸದ್ದೇ ಇಷ್ಟ ಅಂತ ಅನ್ನಿಸಿದ್ದೂ ಉಂಟು. ಹಾಗಂತ ತರಿಸುವುದನ್ನೇನೂ ನಿಲ್ಲಿಸಲಿಲ್ಲ.

ಯುಗಾದಿಯ ಸುಮಾರಿಗೆ ಅವಳ ದನಿ ಕನ್ನಡ ಸಾಲಿನ ಫೋನುಗಳಿಗೆ ಬಂತು. ರಾಚಪ್ಪನ ಮಗಳು ಮಾತಾಡುತ್ತಾಳೆ ಅಂತ ಜನ ಬೇಕೆಂದೇ ಕೆಣಕಿ ಕೆಣಕಿ ಮಾತಾಡಿಸಿದರು. ಮನೆಯ ಹುಡುಗಿ ಕೇಳಿದಾಗ ಬೇಡ ಅನ್ನುವುದು ಹೇಗೆ? ಕರೆಂಟು ಬಂದು ಹೋಗುವ ಶೆಡ್ಡುಗಳಿಗೆ ಮಿಕ್ಸರುಗಳು ಬಂದವು. ಗಾಲಿಯ ಸೂಟ್‌ಕೇಸುಗಳು ಬಂದವು. ಒಗೆದದ್ದನ್ನು ಹಗ್ಗದ ಮೇಲಿಂದ ತೆಗೆದು ಹಾಗೇ ಉಡುವ ಭಾಗವ್ವ ಇಸ್ತ್ರಿ ಪೆಟ್ಟಿಗೆ ತರಿಸಿದಳು. ಗೋಡೆ ಕಟ್ಟುವ ಗೌಂಡಿ ಮಹಿಬೂಬ ಕಾಲು ನೆನೆಸುವ ಬಿಸಿನೀರಿನ ಟಬ್ಬು ತರಿಸಿ, ಅದರಲ್ಲಿ ಜೋಳ ತುಂಬಿಟ್ಟ. ಸಕ್ರವ್ವ ಮೊಣಕಾಲು ನೋವಿಗೆ ಗುಳಿಗೆ ತರಿಸಿದಳು. ವರ್ಷ ತುಂಬುವುದರೊಳಗೆ ಶೆಡ್ಡುಗಳಲ್ಲಿ ಮಲಗಲು ಜಾಗ ಸಾಲದಾಯಿತು. ಹೊರಗೆ ಮಲಗುವವರಿಗೆ ಸೋಬತಿ ಸೊಳ್ಳೆ ಪರದೆ ಮಾರಿತು.

ಮಂಗಲಾ ತಿಂಗಳಿಗೊಮ್ಮೆ ಮನೆಗೆ ಬರುತ್ತಿದ್ದಳು. ಒಂದು ಭಾನುವಾರ ಅವ್ವನ ಕೊರಳಿಂದ ತನ್ನದೇ ದನಿ, ಬಿಸಲು ಭಾಳ ಐತಿ ಯವ್ವಾ, ನೆಳ್ಳಾಗ ಕೂಡು ಅಂದದ್ದು ಕೇಳಿಸಿತು. ಆ ಮಾತನ್ನು ತಾನು ಯಾವತ್ತೂ ಹೇಳಿರಲಿಲ್ಲ. ಸಕ್ರವ್ವ ಎದ್ದು ಹೋಗಿ ನೆರಳಲ್ಲಿ ಕೂತಳು. ಮಂಗಲಾ ನಕ್ಕಳು. ಆಮೇಲೆ ಬೂಟು ತೋರಿಸಿದಳು, ಊಟ ಮಾಡಿದಳು, ಸಂಜೆಯ ಬಸ್ಸಿಗೆ ಹೋದಳು.

ದನಿ ತುಂಬುವ ಕೆಲಸ ಮುಗಿದ ಮೇಲೆ ಅವಳಿಗೆ ಕೇಳುವ ಕೆಲಸ ಕೊಟ್ಟರು. ಫೋನುಗಳು ಹಿಡಿದ ಮಾತುಗಳಲ್ಲಿ ಯಂತ್ರಕ್ಕೆ ತಿಳಿಯದ ತುಣುಕುಗಳು ದಿನಾ ಬರುತ್ತಿದ್ದವು. ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೇಳಿ, ಅವರು ಏನಂದರು ಅಂತ ಮರಾಠಿ ಅಕ್ಷರದಲ್ಲಿ ಬೆರಳಚ್ಚು ಮಾಡಬೇಕು. ಯಾರ ಮಾತು ಅಂತ ತೋರಿಸುತ್ತಿರಲಿಲ್ಲ. ಜಗಳ, ಕೆಮ್ಮು, ಮಗುವಿನ ಅಳು, ಸಾಲಿನವರ ಗುಟ್ಟು, ಎಲ್ಲ ಅವಳ ಕಿವಿಯಲ್ಲಿ ಹಾದುಹೋಗುತ್ತಿದ್ದವು. ಮೊದಮೊದಲು ಮುಜುಗರವಾಯಿತು. ಸ್ವಲ್ಪ ದಿನಕ್ಕೆ ಕಿವಿ ಒಗ್ಗಿತು.

ಮಳೆಗಾಲದ ಒಂದು ಮಧ್ಯಾಹ್ನ ಬಂದ ತುಣುಕು ಸಕ್ರವ್ವನದು.

“ಮಂಗಲಾ, ಇವತ್ತೂ ಹೊರಕಡಿ ಕರ್ರಗ ಹೋತು ನೋಡ. ಹೊಟ್ಟ್ಯಾಗ ಕೆಂಡ ಇಟ್ಟಂಗ ಆಗೈತಿ. ನಿಮ್ಮಪ್ಪಗ ಹೇಳಿಲ್ಲ.”

ಅದಕ್ಕೆ ಮಂಗಲಾಳ ದನಿ ಉತ್ತರ ಕೊಟ್ಟಿತ್ತು.

“ಚಿಂತಿ ಮಾಡಬ್ಯಾಡ ಯವ್ವಾ. ಮೊಣಕಾಲಿನ ಗುಳಿಗಿ ಮುಗದಾವ, ಇನ್ನೊಂದ ಡಬ್ಬಿ ತರಸಲೇನ?”

“ಹೂಂ,” ಅಂದಿದ್ದಳು ಸಕ್ರವ್ವ.

ಕರ್ರಗ ಅನ್ನುವ ಮಾತು ಯಂತ್ರಕ್ಕೆ ತಿಳಿದಿರಲಿಲ್ಲ, ಅದಕ್ಕೇ ತುಣುಕು ಇವಳ ಹತ್ತಿರ ಬಂದಿತ್ತು. ಮಂಗಲಾ ಇನ್ನೊಮ್ಮೆ ಕೇಳಿದಳು. ರೂಢಿಯಂತೆ ಕೈ ತಾನಾಗಿ ಬೆರಳಚ್ಚು ಮಾಡಿ ಮುಗಿಸಿತು. ಆಮೇಲೆ ಹೆಡ್‌ಫೋನು ತೆಗೆದಿಟ್ಟು, ಯಾರಿಗೂ ಹೇಳದೆ ಹೊರಗೆ ಬಂದು ವಾಳೂಜಿನ ಬಸ್ಸು ಹತ್ತಿದಳು.

ಸಕ್ರವ್ವ ಶೆಡ್ಡಿನಲ್ಲಿ ಮಲಗಿದ್ದಳು. ಮುಖ ಸುಣ್ಣದ ಹಾಗಾಗಿತ್ತು. ತಲೆದೆಸೆಯಲ್ಲಿ ಖಾಲಿ ಗುಳಿಗೆ ಡಬ್ಬಿಗಳು ಒಂದರ ಮೇಲೊಂದು ನೀಟಾಗಿ ಕೂತಿದ್ದವು. ದವಾಖಾನೆಗೆ ಹೋಗೋಣ ಏಳು ಅಂತ ಮಂಗಲಾ ಅಂದರೆ ಅವಳು ಒಪ್ಪಲಿಲ್ಲ. ಹಾಜರಿ ತಪ್ಪುತ್ತದೆ, ಭುಜಂಗ ಬೈಯುತ್ತಾನೆ, ಗುಳಿಗೆ ತಗೊಂಡರೆ ಕಡಿಮೆ ಆಗುತ್ತದೆ ಅಂದಳು. ಈ ಗುಳಿಗೆ ತಗೋ ಅಂತ ಹೇಳಿದವರು ಯಾರು ಅಂತ ಮಂಗಲಾ ದನಿ ಏರಿಸಿದಳು.

“ನೀನ ಹೇಳಿದಿ,” ಅಂದಳು ಸಕ್ರವ್ವ.

ಮಹಿಬೂಬ ರಿಕ್ಷಾ ತಂದ. ಅವನೂ ರಾಚಪ್ಪನೂ ಸೇರಿ ಅವಳನ್ನು ಎತ್ತಿ ಕೂರಿಸಿದರು. ದೊಡ್ಡ ಸರಕಾರಿ ಆಸ್ಪತ್ರೆಯಲ್ಲಿ ರಕ್ತ ಏರಿಸಿದರು. ನೋವಿನ ಗುಳಿಗೆ ತಿಂದು ತಿಂದು ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸೋರುತ್ತಿದೆ, ಇನ್ನು ಸ್ವಲ್ಪ ದಿನ ಹೀಗೇ ಬಿಟ್ಟಿದ್ದರೆ ಉಳಿಯುತ್ತಿರಲಿಲ್ಲ ಅಂತ ಡಾಕ್ಟರು ಹೇಳಿದರು. ಅವಳು ಉಳಿದಳು.

ಸಕ್ರವ್ವ ಎದ್ದು ಕೂತು ಗಂಜಿ ಕುಡಿಯುವಂತಾದ ದಿನ ಮಂಗಲಾ ಮನಸ್ಸಿನಲ್ಲಿದ್ದದ್ದನ್ನು ಕೇಳಿದಳು.

“ಅದು ನಾ ಅಲ್ಲ ಅಂತ ನಿನಗ ಗೊತ್ತಿರಲಿಲ್ಲೇನ ಯವ್ವಾ?”

“ಗೊತ್ತಿತ್ತು.”

“ಮತ್ತ ಹೂಂ ಯಾಕ ಅಂದಿ?”

ಸಕ್ರವ್ವ ಗಂಜಿಯ ಲೋಟ ಕೆಳಗಿಟ್ಟಳು. “ಅದು ದಿನಾ ಕೇಳತಿತ್ತು. ಹೊಟ್ಟಿ ಹೆಂಗೈತಿ, ಉಂಡೀ ಇಲ್ಲೋ, ದಿನಾ. ನೀ ತಿಂಗಳಿಗೊಮ್ಮಿ ಬಂದು ಬೂಟ ತೋರಿಸಿ ಹೋಗತಿದ್ದಿ.”

ಮಂಗಲಾ ಲೋಟ ತೊಳೆದು ತಂದಿಟ್ಟಳು.

ಅವಳು ಮತ್ತೆ ಕೆಲಸಕ್ಕೆ ಹೋಗಲಿಲ್ಲ. ಒಂದೇ ಒಂದು ಸಲ ಸಿಡ್ಕೋಗೆ ಹೋಗಿ ತನ್ನ ಸೋಬತಿ ಮರಳಿಸಿ, ತನ್ನ ದನಿಯನ್ನು ಫೋನುಗಳಿಂದ ತೆಗೆಯಿರಿ ಅಂತ ಕೇಳಿದಳು. ಮೇಲಿನವ ಜಯಕರ ಅನ್ನುವವನು ಸಮಾಧಾನದಿಂದಲೇ ಮಾತಾಡಿದ. ದನಿ ಈಗ ಕಂಪನಿಯದು, ಗುಳಿಗೆ ಆಕೆ ತಾನಾಗಿ ತರಿಸಿಕೊಂಡದ್ದು ಅಂದ. ಚಹಾ ತರಿಸಿದ. ಮೃದುಲಾ ಆ ಹೊತ್ತೆಲ್ಲ ಬಾಗಿಲ ಬಳಿ ನಿಂತಿದ್ದಳು. ಮಂಗಲಾ ಹೊರಡುವಾಗ ಗೇಟಿನವರೆಗೆ ಜೊತೆಗೆ ಬಂದಳು.

ಶೆಡ್ಡಿಗೆ ಮರಳಿದ ಮಂಗಲಾ ಮನೆಮನೆಗೆ ಹೋಗಿ, ಫೋನಿನಲ್ಲಿರುವುದು ತಾನಲ್ಲ, ಅದರ ಮಾತು ನಂಬಬೇಡಿ ಅಂತ ಹೇಳತೊಡಗಿದಳು. ಜನ ನಕ್ಕರು. ಹೊಸದಾಗಿ ಬಂದ ಕೂಲಿಯವರಿಗೆ ಅವಳು ರಾಚಪ್ಪನ ಮಗಳು ಅನ್ನುವುದೇ ಗೊತ್ತಿರಲಿಲ್ಲ. ಈ ಹುಡುಗಿ ಫೋನಿನ ಹಾಗೆ ಎಷ್ಟು ಚಂದ ಮಾತಾಡುತ್ತಾಳೆ ಅಂದರು. ಮಕ್ಕಳು ಹಿಂದೆ ಬಿದ್ದು, ತರಸಲೇನ ಅಂತ ಒಂದು ಸಲ ಅನ್ನು ಅಂತ ಕಾಡಿದರು. ಅವಳು ಬಾಯಿ ತೆರೆದರೆ ಹಾದಿಯಲ್ಲಿ ಹೋಗುವವರು ತಮ್ಮ ಕೊರಳು ನೋಡಿಕೊಳ್ಳುತ್ತಿದ್ದರು. ಅವಳಿಗೆ ಬೇಸರವಾಗಿ, ಮನೆಯಾಚೆ ಮರಾಠಿಯನ್ನೇ ಆಡಲು ಶುರುಮಾಡಿದಳು.

ದೀಪದ ವಿಷಯ ಮೊದಲು ಗಮನಿಸಿದವಳು ಭಾಗವ್ವ. ಒಂದು ಸಂಜೆ ಇಬ್ಬರೂ ಜೋಳ ಹಸನು ಮಾಡುತ್ತ ಕೂತಿದ್ದರು. ಮಂಗಲಾ ಮಾತಾಡುವಷ್ಟು ಹೊತ್ತು ಭಾಗವ್ವನ ಕೊರಳಿನ ಹಸಿರು ದೀಪ ಆರಿರುತ್ತಿತ್ತು. ಅವಳು ಸುಮ್ಮನಾದರೆ ಮತ್ತೆ ಹತ್ತುತ್ತಿತ್ತು. ಮಂಗಲಾ ಬೇರೆ ಬೇರೆ ಶೆಡ್ಡುಗಳಲ್ಲಿ ಹೋಗಿ ನೋಡಿದಳು. ಎಲ್ಲ ಕಡೆ ಹಾಗೇ. ಮರಾಠಿಯಲ್ಲಿ ಮಾತಾಡಿದರೂ ಹಾಗೇ. ಕನ್ನಡ ಸಾಲಿನ ಯಾವ ಫೋನಿಗೂ ಅವಳ ಮಾತು ಕೇಳುತ್ತಿರಲಿಲ್ಲ.

ಮೃದುಲಾ ಸಕ್ರವ್ವನನ್ನು ನೋಡಲೆಂದು ಹಣ್ಣು ಹಿಡಿದುಕೊಂಡು ಬಂದಾಗ ಮಂಗಲಾ ಅದರ ಬಗ್ಗೆ ಕೇಳಿದಳು. ಮೃದುಲಾ ಹಣ್ಣು ಕೆಳಗಿಟ್ಟು ಹೇಳಿದಳು.

“ಅದು ತನ್ನ ಮಾತಿಗೆ ತಾನ ಉತ್ರಾ ಕೊಡಬಾರದು ಅಂತ ಹಂಗ ಮಾಡ್ಯಾರ. ತನ್ನ ದನಿ ಕೇಳಿಸಿದ ಕೂಡ್ಲೆ ಕಿವಿ ಮುಚ್ಚಿಕೊಳ್ತದ. ನೀ ಮಾತಾಡೋವಾಗ ನಿನ್ನ ಹತ್ರ ಯಾರು ಏನ ಮಾತಾಡಿದ್ರೂ ಅದಕ್ಕ ಕೇಳೂದಿಲ್ಲ.”

ಪಕ್ಕದಲ್ಲೇ ಕೂತಿದ್ದ ಭಾಗವ್ವ ಈ ಮಾತನ್ನು ಗಟ್ಟಿಯಾಗಿ ಹಿಡಿದಳು.

ಆ ಸಾಲಿನಲ್ಲಿ ಜನ ಮನಬಿಚ್ಚಿ ಮಾತಾಡದೆ ಬಹಳ ದಿನವಾಗಿತ್ತು. ಯಾವ ವಸ್ತುವಿನ ಹೆಸರೆತ್ತಿದರೂ ಸೋಬತಿ ನಡುವೆ ಬಾಯಿ ಹಾಕುತ್ತಿತ್ತು. ಭುಜಂಗನನ್ನು ಬೈದ ಮಾತು ಹೇಗೋ ಭುಜಂಗನಿಗೆ ಮುಟ್ಟುತ್ತಿತ್ತು. ಬೈದವರಿಗೆ ಮರುದಿನ ಎತ್ತರದ ಕೆಲಸ. ಗಂಡ ಹೆಂಡತಿ ಕೂಡ ಸನ್ನೆಯಲ್ಲೇ ಅರ್ಧ ಸಂಸಾರ ಮಾಡುತ್ತಿದ್ದರು. ಹೀಗಿರುವಾಗ ಭಾಗವ್ವ ಮರುದಿನ ಸಂಜೆ ನಾಲ್ಕಾರು ಹೆಂಗಸರನ್ನು ನೀರಿನ ಟಾಕಿಯ ಕಟ್ಟೆಗೆ ಕರೆತಂದು ಕೂರಿಸಿ, ಮಂಗಲಾಳಿಗೆ ಮಾತಾಡು ಅಂದಳು. ಏನು ಮಾತಾಡಲಿ ಅಂತ ಅವಳು ಕೇಳಿದಳು. ಏನಾದರೂ ಮಾತಾಡು, ನಿಲ್ಲಿಸಬೇಡ ಅಷ್ಟೇ ಅಂದಳು ಭಾಗವ್ವ.

ಮಂಗಲಾ ಮಾತಾಡಿದಳು. ಕುಂಭಮೇಳದಲ್ಲಿ ಕಂಡದ್ದನ್ನು ಹೇಳಿದಳು. ಶಾಲೆಯ ಭೂಗೋಳದ ಪಾಠ ಹೇಳಿದಳು. ಪಂಚವಟಿಯ ಓಣಿಗಳಲ್ಲಿ ರಿಕ್ಷಾ ಹೇಗೆ ಸಿಕ್ಕಿಬೀಳುತ್ತವೆ, ಜುಣಕದ ವಡಿಗೆ ಎಷ್ಟು ಖಾರ ಹಾಕಬೇಕು, ಕಂಪನಿಯ ಖೋಲಿಯಲ್ಲಿ ಗೆಳತಿ ಮಲಗಿದಲ್ಲೇ ಹೇಗೆ ಬಡಬಡಿಸುತ್ತಿದ್ದಳು, ಬಾಯಿಗೆ ಬಂದದ್ದನ್ನೆಲ್ಲ ಹೇಳಿದಳು. ಅವಳ ಮಾತನ್ನು ಯಾರೂ ಕೇಳಲಿಲ್ಲ. ತಲೆ ಹತ್ತಿರ ತಂದು ತಮ್ಮ ತಮ್ಮೊಳಗೆ ಮಾತಾಡಿಕೊಂಡರು. ಮೊದಲ ಸಂಜೆ ಒಬ್ಬಳು ಬರೀ ಅತ್ತಳು.

ದಿನಾ ಸಂಜೆ ಕಟ್ಟೆಗೆ ಬರುವವರು ಹೆಚ್ಚಾದರು. ಮಹಿಬೂಬನ ಹೆಂಡತಿ ಬಸುರಿ ಅನ್ನುವುದು ಸಾಲಿಗೆ ತಿಳಿದದ್ದು ಆ ಕಟ್ಟೆಯ ಮೇಲೆಯೇ. ಬಾಯಿಬಿಟ್ಟರೆ ತೊಟ್ಟಿಲಿನ ಪಾರ್ಸೆಲ್ಲು ಬರುತ್ತದೆ, ಪಾರ್ಸೆಲ್ಲು ಬಂದರೆ ಭುಜಂಗನಿಗೆ ತಿಳಿಯುತ್ತದೆ, ತಿಳಿದರೆ ಗುಂಪಿನಿಂದ ತೆಗೆಯುತ್ತಾನೆ ಅಂತ ಅವಳು ಅಷ್ಟು ದಿನ ತವರಿಗೂ ಸುದ್ದಿ ಮುಟ್ಟಿಸಿರಲಿಲ್ಲ. ಅಂದಿನಿಂದ ಅವಳ ಪಾಲಿನ ಬುಟ್ಟಿಯನ್ನು ಬೇರೆಯವರು ಸರದಿಯ ಮೇಲೆ ಹೊತ್ತರು. ದಿನ ತುಂಬುತ್ತ ಬಂದಾಗ ಅವಳು ತವರಿಗೆ ಹೋಗಿ ಹೆತ್ತಳು.

ಕಟ್ಟೆಯ ಮೇಲೆ ಏನೇನು ಮಾತಾಯಿತು ಅನ್ನುವುದು ಎಲ್ಲರಿಗಿಂತ ಕಡಿಮೆ ಗೊತ್ತಿದ್ದದ್ದು ಮಂಗಲಾಳಿಗೆ. ಅವಳು ಮಾತಾಡುತ್ತಲೇ ಇರಬೇಕಾಗಿತ್ತು. ಎದುರಿಗೆ ಬಾಯಿಗಳು ಅಲ್ಲಾಡುವುದು ಕಾಣುತ್ತಿತ್ತು, ಮುಖಗಳು ಬದಲಾಗುವುದು ಕಾಣುತ್ತಿತ್ತು. ಮನೆಗೆ ಬಂದ ಮೇಲೆ ಸಕ್ರವ್ವ ಅವಳ ಕಿವಿಗೆ ಬಾಯಿ ಹಚ್ಚಿ, ಫೋನಿಗೆ ಕೇಳದಷ್ಟು ಮೆಲ್ಲಗೆ ಇಂದಿನ ಸುದ್ದಿ ಹೇಳುತ್ತಿದ್ದಳು. ತಾಯಿ ಮಗಳು ಅಷ್ಟು ಮಾತಾಡಿದ್ದು ಅದೇ ಮೊದಲು. ಸುದ್ದಿ ಮುಗಿದ ಮೇಲೆ ಸಕ್ರವ್ವ ತನ್ನ ಮಾತಿಗೆ ಬರುತ್ತಿದ್ದಳು. ಮಂಗಲಾಳಿಗಿಂತ ಮುಂಚೆ ಹುಟ್ಟಿ ಸತ್ತ ಗಂಡುಮಗುವಿನ ವಿಷಯ ಅವಳು ಹೇಳಿದ್ದೂ ಹೀಗೆಯೇ.

ಪಾರ್ಸೆಲ್ಲು ತಗೊಳ್ಳಬಾರದು ಅನ್ನುವ ತೀರ್ಮಾನ ಆದದ್ದೂ ಮಂಗಲಾಳಿಗೆ ಸಕ್ರವ್ವನಿಂದಲೇ ತಿಳಿಯಿತು. ಸೋಬತಿ ಏನು ಕೇಳಿದರೂ ಬಾಯಿಬಿಡಬಾರದು. ಬಾಯಿ ತಪ್ಪಿ ಹೂಂ ಅಂದು ಗಾಡಿ ಬಂದರೂ ಕೈಯೊಡ್ಡಬಾರದು. ಮೊದಲ ವಾರ ಕೆಲವರು ತಪ್ಪಿದರು. ಮಹಿಬೂಬ ಬಾಯಿ ತಪ್ಪಿ ಗೋಡೆ ಗಡಿಯಾರ ತರಿಸಿ, ಗಾಡಿಯವನ ಎದುರಿಗೆ ಬಹಳ ಹೊತ್ತು ಅದನ್ನು ನೋಡುತ್ತ ನಿಂತು, ಕೊನೆಗೆ ಹಿಂದಕ್ಕೆ ಕೊಟ್ಟ. ಆಮೇಲೆ ಗಾಡಿ ತುಂಬಿಕೊಂಡು ಬಂದದ್ದು ತುಂಬಿಕೊಂಡೇ ಹೋಗತೊಡಗಿತು. ಬೀಡ ಕಡೆಯವರ ಸಾಲೂ ಇದನ್ನು ನೋಡಿತು. ಅಲ್ಲಿಯ ರಾಧಾಬಾಯಿ ಅನ್ನುವವಳು ಬಂದು ವಿಚಾರಿಸಿಕೊಂಡು ಹೋದಳು. ಅವರ ಸಾಲಿನ ದನಿ ಕೊಟ್ಟವಳು ಯಾವ ಊರಿನವಳೋ ಅವರಿಗೆ ಗೊತ್ತಿರಲಿಲ್ಲ. ಅವರು ಬೇಡ ಅನ್ನುವುದನ್ನಷ್ಟೇ ಕಲಿತರು.

ಭುಜಂಗ ಬಂದು ಗದರಿಸಿದ, ಆಮೇಲೆ ನಯವಾಗಿಯೂ ಹೇಳಿ ನೋಡಿದ. ಏನು ನಡೆದಿದೆ ಅಂತ ಅವನಿಗೆ ತಿಳಿಯಲಿಲ್ಲ. ಅವನು ಕಟ್ಟೆಗೆ ಬಂದಾಗಲೆಲ್ಲ ಒಬ್ಬ ಹುಡುಗಿ ಎತ್ತರದ ದನಿಯಲ್ಲಿ ಗೋದಾವರಿಯ ಉಪನದಿಗಳ ಹೆಸರು ಹೇಳುತ್ತಿರುತ್ತಿದ್ದಳು, ಸುತ್ತ ಹೆಂಗಸರು ಕೂತಿರುತ್ತಿದ್ದರು. ಅವನು ಅದನ್ನು ಭಜನೆಯ ಥರ ಏನೋ ಅಂದುಕೊಂಡ.

ಕನ್ನಡ ಸಾಲಿನಿಂದ ಸಂಜೆಯ ಮಾತೇ ಬರುತ್ತಿಲ್ಲ ಅನ್ನುವುದು ಸಿಡ್ಕೋದವರಿಗೂ ತಿಳಿಯಿತು. ನೋಡಿಕೊಂಡು ಬರಲು ಮೃದುಲಾಳನ್ನೇ ಕಳಿಸಿದರು. ಅವಳು ಬಂದಾಗ ಮಂಗಲಾ ಕಟ್ಟೆಯ ಮೇಲೆ ಮಾತಾಡುತ್ತಿದ್ದಳು, ನಿಲ್ಲಿಸುವಂತಿರಲಿಲ್ಲ. ಮೃದುಲಾ ಎಲ್ಲವನ್ನೂ ಒಮ್ಮೆ ನೋಡಿ ಸಕ್ರವ್ವನ ಪಕ್ಕದಲ್ಲಿ ಕೂತಳು. ಆಫೀಸಿನವರ ಕೊರಳಲ್ಲೂ ಸೋಬತಿ ಇರುತ್ತಿತ್ತು. ಅವಳದು ಕನ್ನಡದ್ದೇ, ಅದರ ದೀಪವೂ ಆರಿತ್ತು. ಅವಳು ಬಹಳ ಹೊತ್ತು ಏನೋ ಹೇಳಿದಳು. ಸಕ್ರವ್ವ ಅವಳ ಕೈ ಹಿಡಿದುಕೊಂಡಳು. ಆಫೀಸಿಗೆ ಮರಳಿದ ಮೃದುಲಾ ಅಲ್ಲಿ ನೆಟ್‌ವರ್ಕು ಸರಿಯಿಲ್ಲ ಅಂತ ವರದಿ ಕೊಟ್ಟಳು.

ಮೃದುಲಾ ಏನಂದಳು ಅಂತ ಮಂಗಲಾ ಮನೆಗೆ ಬಂದ ಮೇಲೆ ಕೇಳಿದಳು.

“ಅದು ಆಕಿ ಮಾತು,” ಅಂದಳು ಸಕ್ರವ್ವ. ಮುಂದೆ ಯಾವತ್ತೂ ಹೇಳಲಿಲ್ಲ.

ನೆಟ್‌ವರ್ಕಿನ ಸಬೂಬು ಬೇಸಿಗೆಯವರೆಗೆ ನಡೆಯಿತು. ಆಮೇಲೆ ಯಾರಿಗೆ ಹೇಗೆ ಹೊಳೆಯಿತೋ, ಕಂಪನಿ ದನಿಯನ್ನೇ ಬದಲಿಸಿತು. ಒಂದು ಬೆಳಿಗ್ಗೆ ಕನ್ನಡ ಸಾಲಿನ ಫೋನುಗಳು ಹುಬ್ಬಳ್ಳಿ ಕಡೆಯ ಯಾರೋ ಒಬ್ಬ ಹೆಂಗಸಿನ ದನಿಯಲ್ಲಿ ಮಾತಾಡಿದವು. ಅವತ್ತು ಸಂಜೆ ಮಂಗಲಾ ಎಂದಿನಂತೆ ಮಾತು ಶುರುಮಾಡಿದಳು. ಯಾರ ಕೊರಳಿನ ದೀಪವೂ ಆರಲಿಲ್ಲ. ಅವಳು ಹೇಳುತ್ತಿದ್ದ ವಾಕ್ಯವನ್ನು ಅಲ್ಲಿಗೇ ಬಿಟ್ಟಳು. ಕೂತಿದ್ದವರೂ ಬಾಯಿ ಮುಚ್ಚಿದರು. ಅಡುಗೆಯ ಹೊತ್ತಾಯಿತೆಂದು ಒಬ್ಬೊಬ್ಬರೇ ಎದ್ದರು.

ಎಲ್ಲವೂ ವ್ಯರ್ಥವಾಯಿತು ಅನ್ನುವ ಹಾಗಿರಲಿಲ್ಲ. ಹೊಸ ದನಿ ಎಷ್ಟು ಸಿಹಿಯಾಗಿ ಕೇಳಿದರೂ ಆ ಸಾಲಿನವರು ಹೂಂ ಅನ್ನಲಿಲ್ಲ. ಪಕ್ಕದ ಸಾಲುಗಳೂ ಕೈ ಹಿಂದೆಗೆದವು. ಕೊನೆಗೆ ಕಂಪನಿ ಬಾಯಿಮಾತಿನ ಹೂಂ ಲೆಕ್ಕಕ್ಕೆ ಹಿಡಿಯುವುದನ್ನು ಕೈಬಿಟ್ಟಿತು. ಬೇಕಾದವರು ಗುಂಡಿ ಒತ್ತಬೇಕು ಅಂತ ಮಾಡಿತು. ಗುಳಿಗೆ ಮಾರುವುದನ್ನೂ ನಿಲ್ಲಿಸಿತು. ಆದರೆ ಹಸಿರು ದೀಪ ಹಾಗೇ ಹತ್ತಿಕೊಂಡಿತ್ತು, ಭುಜಂಗನಿಗೆ ಮಾತು ಮುಟ್ಟುವುದೂ ನಿಲ್ಲಲಿಲ್ಲ. ಮುಂದಿನ ವರ್ಷ ಕಾರ್ಖಾನೆಯ ಕೆಲಸ ಮುಗಿದು ಗುಂಪು ಚದುರಿತು. ಭಾಗವ್ವ ಪುಣೆಯ ಕಡೆ ಹೋದಳು. ಮಹಿಬೂಬ ಊರಿಗೆ ಮರಳಿದ. ಹೋಗುವಾಗ ಎಲ್ಲರೂ ಹಳದಿ ಫೋನನ್ನು ಗೇಟಿನಲ್ಲಿ ಒಪ್ಪಿಸಿದರು. ಮಿಕ್ಸರುಗಳನ್ನೂ ಸೂಟ್‌ಕೇಸುಗಳನ್ನೂ ಹೊತ್ತೊಯ್ಯಲಾಗದೆ ಗುಜರಿಯವನಿಗೆ ಕೊಟ್ಟರು.

ರಾಚಪ್ಪನ ಸಂಸಾರ ನಾಸಿಕ ಜಿಲ್ಲೆಗೆ ಮರಳಿ, ಈ ಸಲ ಸಟಾಣಾದಲ್ಲಿ ನೆಲೆಯಾಯಿತು. ಗುಂಪು ಬಿಟ್ಟು, ಶೆಡ್ಡು ಬಿಟ್ಟು, ಬಾಡಿಗೆಯ ಒಂದು ಖೋಲಿ ಹಿಡಿದರು. ಮಂಗಲಾ ದಾಳಿಂಬೆ ಪ್ಯಾಕಿಂಗ್ ಮಾಡುವಲ್ಲಿ ಕೆಲಸಕ್ಕೆ ಸೇರಿದಳು. ದೊಡ್ಡ ಹಣ್ಣು ಒಂದು ಕಡೆ, ಒಡೆದದ್ದು ಒಂದು ಕಡೆ ವಿಂಗಡಿಸುವುದು, ಹೊಸ ಹೆಂಗಸರಿಗೆ ತೋರಿಸಿಕೊಡುವುದು. ಅವಳು ಮಾತು ಬಹಳ ಕಡಿಮೆ ಮಾಡಿದ್ದಳು. ಆ ಬೇಸಿಗೆಯ ನಂತರ ಗಂಟಲು ಮೊದಲಿನಂತಾಗಲೇ ಇಲ್ಲ, ದನಿ ಗೊಗ್ಗರಾಯಿತು. ಸಕ್ರವ್ವ ಭಾರ ಹೊರುವುದನ್ನು ಬಿಟ್ಟು ಮನೆಯಲ್ಲೇ ಇದ್ದಳು. ಓಣಿಯ ಮರಾಠಿ ಹೆಂಗಸರ ಜೊತೆ ಕನ್ನಡ ಮರಾಠಿ ಕಲಸಿ ದಿನವಿಡೀ ಹರಟುವುದನ್ನು ರೂಢಿ ಮಾಡಿಕೊಂಡಳು.

ಒಂದೆರಡು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಮಂಗಲಾಳಿಗೆ ಮೃದುಲಾಳ ಫೋನು ಬಂತು. ಮಂಗಲಾ ಹಲೋ ಅಂದಾಗ, ಮಂಗಲಾ ಇದ್ದರೆ ಕೊಡ್ರಿ ಅಂದಳು ಮೃದುಲಾ. ನಾನೇ ಅಂದರೆ ನಂಬಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ಆ ಕಂಪನಿ ಬಿಟ್ಟಿದ್ದಳು. ಅಪ್ಪ ನಿವೃತ್ತರಾಗಿ ಧಾರವಾಡಕ್ಕೆ ಹೋಗಿದ್ದರು. ಅವಳು ಪುಣೆಯಲ್ಲಿ ಬೇರೆ ಕೆಲಸದಲ್ಲಿದ್ದಳು. ಅಲ್ಲಿ ಒಂದು ಆಸ್ಪತ್ರೆಗೆ ಕನ್ನಡದ ದನಿ ಬೇಕಾಗಿದೆ, ಔಷಧಿ ಯಾವಾಗ ತಗೋಬೇಕು ಅಂತ ರೋಗಿಗಳಿಗೆ ತಿಳಿಸುವುದಕ್ಕೆ, ಒಳ್ಳೆಯ ಕೆಲಸ, ನೀನು ಬರುತ್ತೀಯಾ ಅಂತ ಕೇಳಿದಳು.

ಮಂಗಲಾ ಒಲ್ಲೆ ಅಂದಳು. ಸಿಟ್ಟಿನಿಂದ ಹೇಳಲಿಲ್ಲ. ಅವ್ವನ ಹೊಟ್ಟೆ ಈಗ ಹೇಗಿದೆ ಅಂತ ಮೃದುಲಾ ಕೇಳಿದಳು. ಖಾರ ಬಿಟ್ಟಿದ್ದಾಳೆ, ನಡುನಡುವೆ ಕದ್ದು ತಿನ್ನುತ್ತಾಳೆ ಅಂತ ಮಂಗಲಾ ಹೇಳಿದಳು. ಇಬ್ಬರೂ ನಕ್ಕರು. ಒಮ್ಮೆ ಸಟಾಣಾಕ್ಕೆ ಬರ್ರಿ ಅಂತ ಕರೆದು, ಕ್ರೇಟು ತುಂಬುವ ಟೆಂಪೋ ಬಂತು, ಇಡತೀನ್ರಿ ಅಂದು, ಓಢಣಿ ಸೊಂಟಕ್ಕೆ ಬಿಗಿದುಕೊಂಡು ಹೊರಗೆ ಹೋದಳು.